ಕಲ್ಲಿಗೆ ನಾಲಿಗೆ ತಾಗಿಸುವ ಅತ್ತಿಗೆ

ಮೈದುನ ಆ ದಿನ ಅತ್ತಿಗೆಯ ಮನೆಗೆ ಬಂದದ್ದೇ ಗತ್ತಿನಿಂದ. ಅನುವಾದದ ಕಚೇರಿಯೊಂದರ ಯಜಮಾನ ಅವನು. ಕಚೇರಿ ಅಂದರೆ ಎರಡು ಕುರ್ಚಿ, ಒಂದು ಫೋನು, ಮತ್ತು ಮನೆಯಲ್ಲೇ ಕೂತು ಫ್ರೆಂಚನ್ನು ಇಂಗ್ಲಿಷ್ ಮಾಡುವ ಈ ಅತ್ತಿಗೆ. ಆದರೂ ಯಜಮಾನಿಕೆ ಯಜಮಾನಿಕೆಯೇ. ಕಾಲ ಮೇಲೆ ಕಾಲು ಹಾಕಿ ಕೂತು, ಅಣ್ಣ ತಂದಿಟ್ಟ ನಿಂಬೆ ಚಹಾಕ್ಕೆ ಮೇಜಿನ ಮೇಲಿನ ತಟ್ಟೆಯಿಂದ ಮಾಸಲು ಬಿಳಿಯ ಸಕ್ಕರೆಗಟ್ಟಿಯೊಂದನ್ನು ಹಾಕಿ ಕಲಕತೊಡಗಿದ. ಸಣ್ಣ ಸಣ್ಣ ಗುಳ್ಳೆ ಎದ್ದವು. ಕರಗುತ್ತಿದೆ ಎಂದುಕೊಂಡ. ಅವನ ಕೈ ಸೋತಿತು, ಗಟ್ಟಿ ಸೋಲಲಿಲ್ಲ. ಇರಲಿ ಅಂತ ಹಾಗೇ ಎತ್ತಿ ಕುಡಿದರೆ ಹಲ್ಲಿಗೆ ಏನೋ ಠಣ್ ಅಂತ ಬಡಿಯಿತು.

"ಅದನ್ನ ಯಾಕಪ್ಪಾ ಮುಳುಗಿಸಿದೆ?" ಅತ್ತಿಗೆ ಹಾಳೆಗಳಿಂದ ತಲೆಯೆತ್ತಿದರು. "ನಿನ್ನೆಯಿಂದ ಬಿಸಿಲಲ್ಲಿ ಒಣಗಿಸಿಟ್ಟಿದ್ದ ಕಲ್ಲು."

ಒಳಗಿನಿಂದ ಅಣ್ಣ ಕೂಗಿದ: "ಬೆಳ್ಳಗಿರೋದೆಲ್ಲಾ ಹಾಲಲ್ಲ ಕಣೋ! ಈ ಮನೇಲಂತೂ ಹಾಲೂ ಹಾಲು ಹೌದೋ ಅಲ್ಲವೋ ಅಂತ ನೋಡ್ಕೊಂಡು ಕುಡೀಬೇಕು."

ಅತ್ತಿಗೆಯ ಕೆಲಸವೇ ಹಾಗೆ. ಫ್ರೆಂಚಿನವರು ಒಂದೊಂದು ಕಲ್ಲಿಗೂ ಒಂದೊಂದು ಹೆಸರಿಟ್ಟು ಮಕ್ಕಳ ಹಾಗೆ ಸಾಕಿದ್ದಾರೆ. ಅವಕ್ಕೆಲ್ಲ ಇಂಗ್ಲಿಷಿನಲ್ಲಿ ಸರಿಜೋಡಿ ಹುಡುಕುವುದು ವಯಸ್ಸಿಗೆ ಬಂದ ಮಗನಿಗೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಅತ್ತಿಗೆಯೋ ನಿಘಂಟಿನ ಬಣ್ಣದ ಮಾತಿಗೆ ಮರುಳಾಗುವವರಲ್ಲ. ವರದಿಯ ಜೊತೆ ಕಲ್ಲಿನ ಚೂರನ್ನೂ ಕಳಿಸಿ ಅನ್ನುತ್ತಾರೆ. ಬಂದ ಚೂರನ್ನು ಚಮಚದ ಹಿಡಿಯಿಂದ ಕೆರೆಯುತ್ತಾರೆ, ಮೂಸುತ್ತಾರೆ, ನಿಂಬೆರಸ ಹಿಂಡುತ್ತಾರೆ. ಬುಸುಗುಟ್ಟಿ ನೊರೆ ಬಂದರೆ ಸುಣ್ಣದಕಲ್ಲು. ಆಮೇಲೆ ನಾಲಿಗೆ ತಾಗಿಸುತ್ತಾರೆ, ಅಂಟಿಕೊಂಡರೆ ಜೇಡಿ. ಒಮ್ಮೆ ನೆಂಟರ ಹೊಸ ಮನೆ ನೋಡಲು ಹೋದಾಗ ಎಲ್ಲರೂ ಕಿಟಕಿಯ ಹಾಸುಗಲ್ಲನ್ನು ಕಣ್ಣಲ್ಲೇ ಹೊಗಳುತ್ತಿದ್ದರೆ, ಇವರು ಬಗ್ಗಿ ನೆಕ್ಕಿ "ಚೆನ್ನಾಗಿದೆ" ಅಂದಿದ್ದರು. ಆ ನೆಂಟರು ಮತ್ತೆ ಕರೆಯಲಿಲ್ಲ.

ಈ ಸಲದ್ದು ಸುರಂಗ ಕೊರೆಯುವ ಕಂಪನಿಯ ವರದಿ. ಅವರ ಇಂಜಿನಿಯರ್ ಮುಂದೆ ಮೈದುನ ಎದೆ ತಟ್ಟಿಕೊಂಡಿದ್ದ: "ಒಂದೇ ಒಂದು ಫ್ರೆಂಚ್ ಪದ ಉಳಿದಿದ್ರೆ ಮುಂದಿನ ಕೆಲಸ ಬೇರೆಯವರಿಗೆ ಕೊಡಿ ಸಾರ್!" ಕೇಳದೆ ಇಂಥ ಮಾತು ಕೊಡುವುದರಲ್ಲಿ ನಮ್ಮಂಥ ಗಂಡಸರದು ಎತ್ತಿದ ಕೈ. ಇಂಜಿನಿಯರ್ ಈಗ ವರದಿ ಒಯ್ಯಲು ಇಲ್ಲಿಗೇ ಬರುತ್ತಿದ್ದರು. ಅವರ ಕೆಲಸ ಕೈತಪ್ಪಿದರೆ ಕಚೇರಿಯ ಎರಡು ಕುರ್ಚಿಗಳನ್ನೂ ಮಡಚಿಡಬೇಕಾಗಿತ್ತು. ಹೀಗಿರುವಾಗ ಹಾಳೆಯಲ್ಲಿ ಒಂದು ಪದದ ಜಾಗ ಖಾಲಿ. ಫ್ರೆಂಚಿನಲ್ಲಿ ಆ ಕಲ್ಲಿನ ಹೆಸರು ಗೇಝ್. ಚಹಾಕ್ಕೆ ಬಿದ್ದದ್ದೂ ಅದೇ.

"ಗುಳ್ಳೆ ಬಂತಲ್ಲ ಅತ್ತಿಗೆ, ಅದೂ ನಿಂಬೆ ಚಹಾದಲ್ಲಿ! ಸುಣ್ಣದಕಲ್ಲೇ. ಲೈಮ್‌ಸ್ಟೋನ್ ಅಂತ ಬರ್ದುಬಿಡಿ, ಪೀಡೆ ಕಳೀಲಿ."

"ಅದು ಒಳಗಿದ್ದ ಗಾಳಿ ಮಹರಾಯ. ಒಣ ಇಟ್ಟಿಗೆ ನೀರಿಗೆ ಹಾಕಿದ್ರೂ ಗುಳ್ಳೆ ಬರುತ್ತೆ. ಹಾಗಂತ ಇಟ್ಟಿಗೆನೂ ಲೈಮ್‌ಸ್ಟೋನಾ?"

"ಇಂಜಿನಿಯರ್ ಏನು ನೆಕ್ಕಿ ನೋಡ್ತಾರಾ?"

"ಅವರ ಯಂತ್ರ ನೆಕ್ಕುತ್ತೆ. ಮೆತ್ತಗಿನ ಕಲ್ಲು ಅಂತ ನಂಬಿ ಬಾಯಿ ಹಾಕಿದ್ರೆ ಹಲ್ಲು ಸವೆದುಹೋಗುತ್ತೆ. ಇರು, ಉಳಿದಿರೋ ಒಣ ಚೂರಿಗೆ ನಿಂಬೆರಸ ಹಿಂಡಿ ಇನ್ನೊಂದ್ಸಲ ನೋಡ್ತೀನಿ."

ಅವರು ಅಡುಗೆಮನೆಗೆ ಹೋದರೋ ಇಲ್ಲವೋ, ಬಾಗಿಲ ಗಂಟೆ ಬಡಿಯಿತು. ಗಾಬರಿಯಲ್ಲಿ ಒಳ್ಳೆಯ ಬುದ್ಧಿ ಬರುವುದುಂಟೇ? ಮೈದುನ ಪೆನ್ಸಿಲ್ ಎತ್ತಿಕೊಂಡು ಖಾಲಿ ಜಾಗದಲ್ಲಿ ದುಂಡಗೆ ಲೈಮ್‌ಸ್ಟೋನ್ ಎಂದು ಬರೆದು, ಓಡಿ ಬಾಗಿಲು ತೆಗೆದ.

"ಪೂರ್ತಿ ಆಯ್ತೇನ್ರೀ?" ಇಂಜಿನಿಯರ್ ಕೂತು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಪೂರ್ತಿ ಸಾರ್. ಒಂದೂ ಉಳಿದಿಲ್ಲ."

ಅತ್ತಿಗೆ ಹಿಂಡಿದ ನಿಂಬೆಹೋಳು ಹಿಡಿದೇ ಹೊರಗೆ ಬಂದರು. ಇಂಜಿನಿಯರ್ ಹೆಗಲ ಮೇಲಿಂದ ಬಗ್ಗಿ ನೋಡಿದರು. ರಬ್ಬರ್ ತಂದು, ಅವರ ತೊಡೆಯ ಮೇಲೆಯೇ ಆ ಪದವನ್ನು ಉಜ್ಜಿ, ಉಫ್ ಅಂತ ಊದಿದರು. "ನೊರೆ ಬರಲಿಲ್ಲ," ಅಂದು ಪೆನ್ನಿನಿಂದ ಗೇಝ್ ಎಂದೇ ಬರೆದು, ಕೆಳಗೊಂದು ಸಾಲು ಸೇರಿಸಿದರು.

ಮೈದುನನಿಗೆ ತನ್ನ ಕುರ್ಚಿಗಳು ಮಡಚಿಕೊಳ್ಳುವ ಸದ್ದು ಕೇಳಿಸಿತು.

"ಇದು ಫ್ರೆಂಚ್ ಪದವೇ ಅಲ್ವಾ?" ಅಂದರು ಇಂಜಿನಿಯರ್.

"ಹೌದು. ಇಂಗ್ಲಿಷ್ ಪುಸ್ತಕಗಳಲ್ಲೂ ಹಾಗೇ ಇಟ್ಕೊಂಡಿದ್ದಾರೆ. ಕೆಳಗಿನ ಸಾಲು ಓದಿ."

ಅವರು ಓದಿದರು: ಹಗುರ, ಒಳಗೆಲ್ಲ ಸಣ್ಣ ರಂಧ್ರ, ಮರಳಿನಲ್ಲಿರುವ ಸಿಲಿಕಾ ತುಂಬ, ಯಂತ್ರದ ಹಲ್ಲು ಜೋಪಾನ. ಇನ್ನೊಮ್ಮೆ ಓದಿದರು. ಫೋನ್ ತೆಗೆದು, "ಆ ಭಾಗಕ್ಕೆ ಕೈ ಹಚ್ಚಬೇಡಿ, ಮೊದಲು ಗಟ್ಟಿ ಹಲ್ಲು ತರಿಸಿ," ಎಂದು ಯಾರಿಗೋ ಗದರಿದರು. ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು, "ಮುಂದಿನ ವರದಿ ಕಳಿಸ್ತೀನಿ. ಕಲ್ಲಿನ ಸಮೇತ," ಅಂದರು. ಮೈದುನನ ಕುರ್ಚಿಗಳು ಮತ್ತೆ ಬಿಚ್ಚಿಕೊಂಡವು.

ಹೊಸಿಲ ಹತ್ತಿರ ಇಂಜಿನಿಯರ್ ತಿರುಗಿ ನಿಂತರು.

"ಅಲ್ಲ ಮೇಡಂ, ಇದ್ದ ಪದಾನೇ ಇದ್ದ ಹಾಗೆ ಬರೆಯೋಕೆ ಒಂದು ವಾರ ಬೇಕಾಯ್ತಾ?"

"ತಪ್ಪು ಬರೆಯೋದಾಗಿದ್ರೆ," ಅಂದರು ಅತ್ತಿಗೆ, "ಮೊದಲನೇ ದಿನಾನೇ ಮುಗೀತಿತ್ತು."