ಹುಸೇನಬಿ ಮನೆಯ ರವಿವಾರಗಳು

ಆಗೆಲ್ಲ ರವಿವಾರ ಬಂತೆಂದರೆ ನಮ್ಮ ಓಣಿಯ ಮಕ್ಕಳಿಗೆ ಹಬ್ಬ. ವಿಜಯಪುರದ ಅಥಣಿ ರಸ್ತೆಯಲ್ಲಿ ಆಗಿನ್ನೂ ಅರ್ಧಮರ್ಧ ಎದ್ದ ಮನೆಗಳು, ನಡುವೆ ಜಾಲಿ ಕಂಟಿ, ಎಲ್ಲಿ ನೋಡಿದಲ್ಲಿ ಉಸುಕಿನ ಗುಡ್ಡೆ. ಬೆಳಿಗ್ಗೆ ಅವಲಕ್ಕಿ ತಿಂದು ಹೊರಬಿದ್ದವರು ಹೊಟ್ಟೆ ಚುರುಗುಟ್ಟುವ ತನಕ ಕುಂಟಾಬಿಲ್ಲೆ ಆಡುತ್ತಿದ್ದರು. ನನಗೆ ಮಾತ್ರ ಶನಿವಾರ ಶಾಲೆ ಬಿಟ್ಟಾಗಿನಿಂದಲೇ ಅಂಜಿಕೆ ಶುರು. ನಾನೋ ಹುಟ್ಟಾ ಅಂಜುಬುರುಕಿ, ಹಲ್ಲಿ ಲೊಚಗುಟ್ಟಿದರೂ ಅವ್ವನ ಸೆರಗು ಹಿಡಿಯುವವಳು. ಅಂಥವಳನ್ನು ಅವ್ವ ಪ್ರತಿ ರವಿವಾರ ಬಸ್ಸು ಹತ್ತಿಸಿ, ಅರಕೇರಿ ದಾಟಿಸಿ, ತಿಕೋಟಾದ ಹುಸೇನಬಿಯ ಮನೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮಲಗಿದ್ದಳು.

ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಈ ವಯಸ್ಸಿಗೆ ಆಪರೇಷನ್ ಬೇಡ, ಮನೆಯಲ್ಲಿ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದರು. ನೋಡಿಕೊಳ್ಳುವವರು ಯಾರು ಎಂಬುದೇ ತಕರಾರಾಯಿತು. ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ದೊಡ್ಡಪ್ಪನ ಮನೆಯಲ್ಲಿ ಕೆಲವು ದಿನ, ನಮ್ಮ ಎರಡು ಖೋಲಿಯ ಮನೆಯಲ್ಲಿ ಕೆಲವು ದಿನ ಅಂತ ಆಯಿಯನ್ನು ಮಂಚದ ಸಮೇತ ಟಂಟಂ ರಿಕ್ಷಾದಲ್ಲಿ ಅತ್ತಿತ್ತ ಒಯ್ದರು. ಅಷ್ಟರಲ್ಲಿ ಅವಳ ಬೆನ್ನಿಗೆ ಹುಣ್ಣಾಯಿತು. ವಾಸನೆ ಬರತೊಡಗಿದ ಮೇಲೆ ಅಪ್ಪ ಅವಳ ಹತ್ತಿರ ಕೂರುವುದನ್ನೇ ಬಿಟ್ಟ.

ಹುಸೇನಬಿ ನಾಟಿ ಔಷಧ ಕೊಡುವವಳು. ಎಲುಬು ಕೂಡಿಸುವುದನ್ನು ಅವಳ ತಂದೆಯಿಂದ ಕಲಿತಿದ್ದಳಂತೆ. ಆದರೆ ಅವಳ ಮನೆಯ ಪಡಸಾಲೆಯಲ್ಲಿ ಮಲಗಿದ್ದವರು ಹೆಚ್ಚಾಗಿ ಯಾರಿಗೂ ಬೇಡವಾದ ಮುದುಕರು. ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದವರು, ಮಕ್ಕಳಿದ್ದೂ ಇಲ್ಲದಂತಾದವರು. ಹಿಂದೂ, ಮುಸ್ಲಿಂ ಎಂದು ನೋಡದೆ ಎಲ್ಲರ ಮೈ ಒರೆಸಿ, ಬಟ್ಟೆ ಒಗೆದು, ಗಂಜಿ ಕುಡಿಸುತ್ತಿದ್ದಳು. ಅವಳದು ಒಂದೇ ಕರಾರು. ಆಯಿಯನ್ನು ಇಳಿಸಿದ ದಿನವೇ ಅದನ್ನು ಅವ್ವನ ಮುಂದೆ ಹೇಳಿದಳು.

“ಹಗಲೂ ರಾತ್ರಿ ನಾ ನೋಡ್ಕೋತೀನಿ. ಆದ್ರ ವಾರಕ್ಕೊಮ್ಮೆ ಎಣ್ಣಿ ಹಚ್ಚೂದು ಆಕೀ ರಕ್ತದವ್ರ ಕೈಲೆ ಆಗಬೇಕು. ಇಲ್ಲಂದ್ರ ಎಣ್ಣಿ ಒಳಗ ಇಳಿಯಾಂಗಿಲ್ಲ.”

ಅಪ್ಪನಿಗೆ ಗೋಳಗುಮ್ಮಟದ ಹತ್ತಿರ ಟೋಪಿ, ಆಟಿಗೆ ಸಾಮಾನಿನ ಅಂಗಡಿ. ರವಿವಾರವೇ ಊರೂರಿನ ಜನ ಬರುವ ದಿನ, ಬಾಗಿಲು ಹಾಕಿ ಬರಲಾರೆ ಎಂದ. ದೊಡ್ಡಪ್ಪನಿಗೆ ದ್ರಾಕ್ಷಿ ಸುಗ್ಗಿ. ಅವ್ವ ಹೋದರೆ ಅವಳು ಸೊಸೆ, ರಕ್ತದವಳಲ್ಲ. ಉಳಿದವಳು ನಾನೇ. ಹೀಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಜುವವಳ ಪಾಲಿಗೆ ಆ ಕೆಲಸ ಬಂತು. ಅವ್ವ ಆಯಿಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿಯುವಳು, ನಾನು ಕಣ್ಣು ಮುಚ್ಚಿಕೊಂಡು ಬೆಚ್ಚನೆಯ ಎಣ್ಣೆಯಲ್ಲಿ ಬೆರಳು ಅದ್ದಿ ಬೆನ್ನು ಸವರುವೆ. ಬೇವು, ಬೆಳ್ಳುಳ್ಳಿ, ಇನ್ನೇನೋ ಕಹಿ ಬೇರು ಕುದಿಸಿದ ಎಣ್ಣೆ ಅದು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಕೈ ಮೂಸಿ ನೋಡಿದರೆ ಅದೇ ವಾಸನೆ, ಎಷ್ಟು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಓಣಿಯ ಗೆಳತಿ ಶೈಲಾ ಒಂದು ದಿನ ಬಿಲ್ಲೆ ಎಸೆಯುತ್ತ, ಆ ಮುದುಕಿಯ ಮನೆಗೆ ಹೋದವರು ಯಾರೂ ತಿರುಗಿ ಬರುವುದಿಲ್ಲ, ಕೊನೆಗೆ ಒಂದು ಹನಿ ಔಷಧ ಬಿಟ್ಟು ಮುಗಿಸಿಬಿಡುತ್ತಾಳೆ ಎಂದಳು. ನಾನು ಸುಳ್ಳೆಂದು ಜಗಳವಾಡಿದೆ. ಮುಂದಿನ ರವಿವಾರ ಹೋದರೆ, ನನಗೆ ಯಾವಾಗಲೂ ಮಂಡಕ್ಕಿ ಕೊಡುತ್ತಿದ್ದ ಹಿಂದೆ ಟಾಂಗಾ ಹೊಡೆಯುತ್ತಿದ್ದ ಅಜ್ಜನ ಮಂಚ ಖಾಲಿ ಇತ್ತು. ಹಾಸಿಗೆ ಬಿಸಿಲಿಗೆ ಹಾಕಿದ್ದರು. ಎಲ್ಲಿ ಹೋದ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಹುಸೇನಬಿಯ ಕೈಯ ಬಟ್ಟಲು ಕಂಡರೆ ಸಾಕು, ಕಂಬದ ಮರೆಗೆ ಸರಿಯುತ್ತಿದ್ದೆ. ಆಯಿಯನ್ನು ಮನೆಗೆ ಕರೆದುಕೊಂಡು ಹೋಗೋಣ ಎಂದು ಅವ್ವನಿಗೆ ಗೋಗರೆದೆ. ಅವ್ವ ನನ್ನ ಜಡೆ ಬಿಗಿಯಾಗಿ ಹೆಣೆದಳು.

ಇಂಥ ಒಂದು ರವಿವಾರ, ಊರ ಹೊರಗಿನ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುವ ಸಿಹಿ ಹುಳಿ ವಾಸನೆ ದಾರಿಯುದ್ದಕ್ಕೂ ಹಬ್ಬಿತ್ತು. ಹುಸೇನಬಿ ಅವ್ವನನ್ನು ಎಣ್ಣೆಗೆ ಹಾಕುವ ಲಕ್ಕಿ ಸೊಪ್ಪು ಬಿಡಿಸಲು ಹಿತ್ತಲಿಗೆ ಕರೆದೊಯ್ದಳು. ಆಯಿ ಎದ್ದಿದ್ದಾಳೋ ನೋಡು ಎಂದು ನನ್ನನ್ನು ಒಳಗೆ ಕಳಿಸಿದರು. ಕಿಟಕಿ ಮುಚ್ಚಿದ ಖೋಲಿ. ಆಯಿ ಅಂಗಾತ ಮಲಗಿದ್ದಳು. ತಲೆಯ ಹತ್ತಿರ ಹಣತೆ ಉರಿಯುತ್ತಿತ್ತು. ಎರಡೂ ಕಾಲನ್ನು ಸೇರಿಸಿ ಬಿಳಿ ಬಟ್ಟೆಯಿಂದ ಕಟ್ಟಿದ್ದರು. ಕಿವಿಯಲ್ಲಿ ಅರಳೆ, ಕಣ್ಣ ಮೇಲೆ ಅರಳೆ. ಎದುರು ಮನೆಯ ಮುತ್ಯಾ ತೀರಿಕೊಂಡಾಗ ನಾನು ಗೋಡೆಯ ಮೇಲಿಂದ ಇಣುಕಿ ನೋಡಿದ್ದು ಇದನ್ನೇ. ಹಿತ್ತಲಿಗೆ ಹೋಗೋಣವೆಂದರೆ ಅಲ್ಲಿ ಹುಸೇನಬಿ ಇದ್ದಾಳೆ. ಮುಂಬಾಗಿಲಿನಿಂದ ಓಡಿದೆ.

ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ರೂಪಾಯಿ ಹಾಕಿ ಮಾತಾಡುವ ಫೋನಿತ್ತು. ಐಸ್‌ಕ್ಯಾಂಡಿಗೆಂದು ಅವ್ವ ಕೊಟ್ಟ ರೂಪಾಯಿ ಕೈಯಲ್ಲಿತ್ತು. ಅಪ್ಪನ ಅಂಗಡಿಯ ನಂಬರು ನನಗೆ ಬಾಯಿಪಾಠ.

“ಅಪ್ಪಾ, ಆಯಿ ಸತ್ತಾಳ. ಕಾಲ ಕಟ್ಟ್ಯಾರ, ಕಿವ್ಯಾಗ ಅರಳಿ ಇಟ್ಟಾರ.”

ಆ ಕಡೆಯಿಂದ ಅಪ್ಪ ಬಂದೆ ಎಂದವನೇ ಫೋನ್ ಇಟ್ಟ. ಪಾನ್ ಅಂಗಡಿಯ ಮಾಮಾ ಪಾಪ, ಅಯ್ಯೋ ಎಂದು ನನ್ನನ್ನು ಗೋಣಿಚೀಲದ ಮೇಲೆ ಕೂರಿಸಿ, ನೀರು ಕುಡಿಸಿ, ನಿಮ್ಮಪ್ಪ ಬರುವ ತನಕ ಇಲ್ಲೇ ಇರು ಎಂದ. ನಾನು ಮೊಣಕಾಲಲ್ಲಿ ಮುಖ ಹುದುಗಿಸಿ ಕೂತೆ. ಈಗ ಹುಸೇನಬಿ ಅವ್ವನಿಗೂ ಏನಾದರೂ ಕುಡಿಸಿದರೆ ಎಂಬ ಯೋಚನೆ ಬಂದಾಗ ಅಲ್ಲೇ ಒದ್ದೆ ಮಾಡಿಕೊಂಡೆ. ಅಂಥ ಅಂಜಿಕೆ ನನಗೆ ಮತ್ತೆಂದೂ ಆಗಿಲ್ಲ.

ಅಪ್ಪ ಬಬಲೇಶ್ವರಕ್ಕೂ ಸುದ್ದಿ ಮುಟ್ಟಿಸಿ, ಅಂಗಡಿಯ ಬಾಗಿಲು ಎಳೆದು ಬಂದ. ಬಬಲೇಶ್ವರದಿಂದ ದೊಡ್ಡಪ್ಪ, ದೊಡ್ಡವ್ವ, ಅವರ ಹಿಂದೆ ದಾಯಾದಿ ಭಾವಕಿಯವರು, ಒಂದು ಟಂಟಂ ತುಂಬ ಜನ. ಚೆಂಡುಹೂವಿನ ಹಾರಗಳಿದ್ದವು. ಸುಗ್ಗಿ ಎಂದವರು, ಗಿರಾಕಿ ಎಂದವರು, ಎಲ್ಲರೂ ಬಂದಿದ್ದರು. ನಮ್ಮ ಕಡೆ ಹೆಂಗಸರು ಸತ್ತವರ ಗುಣ ಹಾಡಿಕೊಂಡು ಅಳುತ್ತಾರೆ. ನನ್ನನ್ನೂ ಹತ್ತಿಸಿಕೊಂಡ ಟಂಟಂ ಹುಸೇನಬಿಯ ಮನೆ ಮುಂದೆ ನಿಲ್ಲುತ್ತಲೇ ದೊಡ್ಡವ್ವ ಇಳಿದು ಶುರು ಮಾಡಿದಳು. ಅತ್ತೆ ತನಗೆ ತುತ್ತು ಇಟ್ಟಿದ್ದು, ತಾನು ಅತ್ತೆಯನ್ನು ಹೂವಿನಂತೆ ನೋಡಿಕೊಂಡಿದ್ದು, ಎಲ್ಲ ಬಂತು. ಈ ಎರಡನೆಯದನ್ನು ಕೇಳಿ ನನಗೆ ಆ ಅಳುವಿನಲ್ಲೂ ಆಶ್ಚರ್ಯವಾಯಿತು.

ಹಾಡುತ್ತ ಎಲ್ಲರೂ ಒಳಗೆ ನುಗ್ಗಿದರು. ಆಯಿ ಗೋಡೆಗೆ ಒರಗಿ ಕೂತು, ಹಾಲಲ್ಲಿ ಕಿವುಚಿದ ರೊಟ್ಟಿಯನ್ನು ಅವ್ವನ ಕೈಯಿಂದ ತಿನ್ನುತ್ತಿದ್ದಳು. ನಾನು ಐಸ್‌ಕ್ಯಾಂಡಿ ತಿನ್ನಲು ಹೋಗಿದ್ದೇನೆಂದೇ ಅವ್ವ ತಿಳಿದಿದ್ದಳು. ಕಿವಿಯ ಅರಳೆ ಹಾಗೇ ಇತ್ತು. ಕಿವಿ ಗುಂಯ್ ಅನ್ನುತ್ತದೆ ಎಂದಿದ್ದಕ್ಕೆ ಹುಸೇನಬಿ ಬೆಳ್ಳುಳ್ಳಿ ಎಣ್ಣೆ ಬಿಟ್ಟು ಮುಚ್ಚಿದ್ದಳು. ಕಣ್ಣುರಿಗೆ ಹಾಲಲ್ಲಿ ಅದ್ದಿದ ಅರಳೆ. ಮುರಿದ ಎಲುಬು ಹೊರಳದಿರಲಿ ಎಂದು ಕಾಲು ಕಟ್ಟಿದ್ದು, ಎಣ್ಣೆ ಬೆಚ್ಚಗಿರಲಿ ಎಂದು ಹಣತೆ. ದೊಡ್ಡವ್ವನ ಹಾಡು ಬಾಯಲ್ಲೇ ನಿಂತಿತು. ಅಪ್ಪ ಹಾರವನ್ನು ಬೆನ್ನ ಹಿಂದೆ ಸರಿಸಿದ. ಆಯಿ ಒಬ್ಬೊಬ್ಬರ ಮುಖ ನೋಡಿದಳು, ಹಾರ ನೋಡಿದಳು.

“ಯಾರು ತೀರ್ಕೊಂಡ್ರಪಾ?” ಎಂದಳು.

ಅಪ್ಪನ ಕಣ್ಣು ನನ್ನ ಮೇಲೆ ಬಿತ್ತು. ಅಷ್ಟರಲ್ಲಿ ಹಿತ್ತಲಿನಿಂದ ಹುಸೇನಬಿ ಬಂದಳು. ಆ ಜನ, ಆ ಹೂವು ನೋಡಿ ಅವಳಿಗೆ ಎಲ್ಲ ಗೊತ್ತಾಗಿರಬೇಕು. ಬೈಯುತ್ತಾಳೆಂದು ನಾನು ಅವ್ವನ ಹಿಂದೆ ಸೇರಿದೆ. ಅವಳು ಹಣತೆಯ ಮೇಲಿನ ಬಟ್ಟಲಿಗೆ ಬೆರಳು ಮುಟ್ಟಿಸಿ ನೋಡಿ, “ಹೆಂಗೂ ಬಂದೀರಿ. ಕೈ ತೊಳಕೊಳ್ರಿ. ಎಣ್ಣಿ ಬೆಚ್ಚಗ ಅದ” ಎಂದಳು.

ದೊಡ್ಡಪ್ಪ ಆಳೆತ್ತರದ ಮನುಷ್ಯ, ತೋಟದಲ್ಲಿ ಹಾವು ಬಂದರೆ ಬಡಿಗೆ ಹಿಡಿದು ಮೊದಲು ಓಡುವವನು. ಅವನು ಬಾಗಿಲಲ್ಲೇ ನಿಂತ. “ನನ್ನ ಕೈಲೆ ಆಗೂದಿಲ್ಲ ಬೇ. ಆ ಹುಣ್ಣು ನೋಡಿದ್ರ ಅಂಜಿಕಿ ಬರ್ತದ” ಎಂದ.

“ನೀ ಹುಟ್ಟಿದಾಗ ನಿನ್ನ ಮೈ ನೋಡಿ ಆಕಿ ಅಂಜಿದ್ದಳೇನು?” ಎಂದಳು ಹುಸೇನಬಿ. ದನಿ ಏರಿಸಲಿಲ್ಲ.

ಅಪ್ಪ ಮೊದಲು ಕೂತ. ಅವನೂ ನನ್ನ ಹಾಗೆಯೇ ಕಣ್ಣು ಮುಚ್ಚಿಕೊಂಡು ಎಣ್ಣೆಯಲ್ಲಿ ಬೆರಳು ಅದ್ದಿದ. ಆಮೇಲೆ ದೊಡ್ಡಪ್ಪನೂ ಕೂತು, ತಾಯಿಯ ಬೆನ್ನಿಗೆ ಎಣ್ಣೆ ಸವರುತ್ತ ಬಿಕ್ಕಿ ಬಿಕ್ಕಿ ಅತ್ತ. ದೊಡ್ಡವರೂ ಅಂಜುತ್ತಾರೆ, ಅಂಜಿಕೆಗೇ ಅಂಗಡಿ, ಸುಗ್ಗಿ ಎಂದು ಹೆಸರಿಡುತ್ತಾರೆ ಎಂದು ನನಗೆ ಅಂದು ಗೊತ್ತಾಯಿತು. ಹಾರಗಳನ್ನು ಹಿತ್ತಲಿನ ಆಡು ತಿಂದಿತು.

ಹೊರಡುವಾಗ ಆಯಿ ನನ್ನನ್ನು ಹತ್ತಿರ ಎಳೆದುಕೊಂಡಳು. ಬಯ್ಯಬಹುದೆಂದುಕೊಂಡೆ. ಅವಳು ನನ್ನ ಕಿವಿಗೆ ಬಾಯಿಟ್ಟು, “ಮುಂದಿನ ರವಿವಾರನೂ ಹಂಗ ಫೋನ್ ಮಾಡ್ತೀಯೇನ, ತಂಗೀ?” ಎಂದಳು. ನಗುತ್ತಿರಬಹುದೆಂದು ಮುಖ ನೋಡಿದೆ. ನಗುತ್ತಿರಲಿಲ್ಲ.

ಫೋನ್ ಮಾಡುವ ಪ್ರಸಂಗ ಬರಲಿಲ್ಲ. ಮಳೆಗಾಲದ ತನಕ ಅಪ್ಪ, ದೊಡ್ಡಪ್ಪ ಇಬ್ಬರೂ ತಾವಾಗಿಯೇ ಬಂದರು. ಆಮೇಲೆ ಮತ್ತೆ ಒಂದೊಂದು ವಾರ ತಪ್ಪತೊಡಗಿತು. ಚಳಿಯಲ್ಲಿ ಆಯಿ ಹೋದಳು. ಹುಸೇನಬಿ ಫೋನ್ ಮಾಡಿಸಿದಾಗ ಅಪ್ಪ ಮೊದಲು ಕೇಳಿದ್ದು, ಖರೆ ಏನು ಎಂದು. ಆಯಿಯ ಬೆನ್ನಿನ ಹುಣ್ಣು ಅಷ್ಟೊತ್ತಿಗೆ ಪೂರ್ತಿ ಮಾಯ್ದಿತ್ತು.

ಹುಸೇನಬಿ ತೀರಿಕೊಂಡು ವರ್ಷಗಳಾದವು. ಆ ಮನೆಯ ಜಾಗದಲ್ಲಿ ಈಗ ಒಣದ್ರಾಕ್ಷಿ ತುಂಬಿಡುವ ಗೋದಾಮು ಇದೆ. ರಕ್ತದವರ ಕೈಯಿಲ್ಲದೆ ಎಣ್ಣೆ ಇಳಿಯದು ಎಂಬುದು ಔಷಧದ ಮಾತಲ್ಲ, ಮಕ್ಕಳನ್ನು ಎಳೆದು ತರಲು ಅವಳು ಹೂಡಿದ ಆಟ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಈಗ ಮುದುಕರಿಗೆ ಗಾಳಿ ತುಂಬುವ ಹಾಸಿಗೆ ಸಿಗುತ್ತದೆ, ಮನೆಗೆ ಬಂದು ಮೈ ಒರೆಸುವ ದಾದಿಯರು ಸಿಗುತ್ತಾರೆ, ಯಾರೂ ಯಾರ ಕೈಯನ್ನೂ ಕೇಳುವುದಿಲ್ಲ. ನಾನು ಬಬಲೇಶ್ವರದ ಶಾಲೆಯಲ್ಲಿ ಕಲಿಸುತ್ತೇನೆ. ಅಪ್ಪ ವಿಜಯಪುರದಲ್ಲಿ, ಆಮೇಲೆ ಹುಟ್ಟಿದ ನನ್ನ ತಮ್ಮನ ಮನೆಯಲ್ಲಿ ಇದ್ದಾನೆ. ಹೊತ್ತಲ್ಲದ ಹೊತ್ತಿನಲ್ಲಿ ಅವನ ಫೋನ್ ಬಂದರೆ ಏನಾತಪ್ಪಾ ಎಂದು ಗಾಬರಿಯಾಗಿ ಕೇಳುತ್ತೇನೆ. ಏನಿಲ್ಲವ್ವಾ, ಸುಮ್ಮನೆ ಮಾಡಿದೆ, ರವಿವಾರ ಬರ್ತೀಯೇನು ಎನ್ನುತ್ತಾನೆ. ಸದ್ಯ ಅವನಿಗೆ ಇನ್ನೂ ತಾನೇ ಫೋನ್ ಮಾಡಲು ಬರುತ್ತದೆ. ಅದೂ ಬಾರದ ದಿನ ನನ್ನನ್ನು ಕರೆಸುವವರು ಯಾರು ಎಂದು ಹೆದರಿಕೆ.