ಕಟ್ಟಿದ ಹಾಲಿಗೊಂದು ಎತ್ವ

ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ಮಕ್ಕಳ ಪುಸ್ತಕ ತಿದ್ದುವಾಗ ಎತ್ವ ನುಂಗಿದವರನ್ನೂ, ಬೇಡದ ಕಡೆ ಎತ್ವ ಕೊಟ್ಟವರನ್ನೂ ಸುಮ್ಮನೆ ಬಿಡುವುದಿಲ್ಲ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಹತ್ತು ಸಲ ಬರೆಸುತ್ತೇನೆ. ‘ಒಂದು ಎತ್ವದಿಂದ ಏನ್ ಮುಳುಗೋಗುತ್ತೆ ಮಿಸ್’ ಎಂದು ಹಿಂದಿನ ಬೆಂಚಿನವರು ಗೊಣಗುವುದು ನನ್ನ ಕಿವಿಗೂ ಬಿದ್ದಿದೆ. ಅವರಿಗೆ ಸರಿಯಾದ ಉತ್ತರ ಕೊಡಬೇಕೆಂದರೆ ನನ್ನ ಬಾಣಂತನದ ಕಥೆ ಹೇಳಬೇಕು. ಒಂಬತ್ತನೇ ತರಗತಿಯಲ್ಲಿ ನಿಂತು ಅದನ್ನು ಹೇಳುವಷ್ಟು ಧೈರ್ಯ ನನಗಿಲ್ಲ.

ಮೊದಲ ಹೆರಿಗೆಯಾದ್ದರಿಂದ ಬಾಣಂತನ ತವರಿನಲ್ಲಿ. ತವರು ಬಾಗೂರಿನ ಹತ್ತಿರದ ಒಂದು ಸಣ್ಣ ಹಳ್ಳಿ. ಅಪ್ಪನಿಗೆ ಕುರಿ ಕಾಯುವುದೇ ಕೆಲಸ, ಜೊತೆಗೆ ಒಂದಿಷ್ಟು ಹೊಲ. ಮನೆಯ ಹಿಂದೆಯೇ ಕುರಿ ಕೂಡಿಹಾಕುವ ರೊಪ್ಪ. ಗಂಡನ ಮನೆ ಹೊಳಲ್ಕೆರೆ. ಗಂಡನಿಗೆ ಚಿತ್ರದುರ್ಗದಲ್ಲಿ ನೌಕರಿ. ಭಾನುವಾರ ಬಂದು ಮಗನನ್ನು ನೋಡಿಕೊಂಡು ಹೋಗುತ್ತಿದ್ದರು. ನಾನು ತಲೆಗೆ ಬಟ್ಟೆ ಬಿಗಿದುಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಅವ್ವ ಕೊಟ್ಟ ಬೆಳ್ಳುಳ್ಳಿ ಮೆಣಸಿನ ಸಾರು ಉಣ್ಣುತ್ತಾ ಮಂಚದ ಮೇಲೆ ಮಹಾರಾಣಿಯಾಗಿದ್ದೆ. ನಮ್ಮ ಮನೆಯಲ್ಲಿ ಬಾಣಂತಿಯ ಕೋಣೆಗೆ ಗಂಡಸರು ಬರುವುದಿಲ್ಲ. ಅಪ್ಪ ಮೊಮ್ಮಗನನ್ನು ನೋಡಬೇಕಾದರೂ ಅವ್ವ ಹೊಸ್ತಿಲ ತನಕ ಎತ್ತಿಕೊಂಡು ಹೋಗಬೇಕಿತ್ತು.

ಮಗನಿಗೆ ಬಲಗಡೆಯೇ ಇಷ್ಟ. ಎಡಗಡೆ ಹಾಕಿದರೆ ಎರಡು ಗುಟುಕು ಕುಡಿದು ನಿದ್ದೆ ಹೋಗಿಬಿಡುತ್ತಿದ್ದ. ಅವನ ನಿದ್ದೆ ಕೆಡಿಸಲು ನನಗೆ ಮನಸ್ಸಾಗುತ್ತಿರಲಿಲ್ಲ, ನನ್ನ ನಿದ್ದೆ ಕೆಡಿಸಿಕೊಳ್ಳಲಂತೂ ಮೊದಲೇ ಮನಸ್ಸಿರಲಿಲ್ಲ. ಇಪ್ಪತ್ತೈದನೆಯ ದಿನವೋ ಏನೋ, ಬೆಳಗ್ಗೆ ಏಳುವಾಗ ಎಡ ಎದೆ ಕಲ್ಲಾಗಿತ್ತು. ಒಂದು ಕಡೆ ಅಂಗೈಯಗಲ ಕೆಂಪಗಾಗಿ, ಸೆರಗು ತಾಗಿದರೂ ಜೀವ ಹೋದಂತಾಗುತ್ತಿತ್ತು. ಸ್ನಾನದ ಹೊತ್ತಿಗೆ ಚಳಿ ಹತ್ತಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು.

ಅವ್ವ ಮುಟ್ಟಿ ನೋಡಿ, “ಹಾಲು ಕಟ್ಟೈತೆ ಕಣೇ” ಎಂದಳು. ಮಗುವಿನ ವಿಷಯ ಏನೇ ಇದ್ದರೂ ಬೀಗರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಮುಂದೆ ಮಾತು ಬರುತ್ತದೆ ಎಂಬುದು ಅವಳ ಲೆಕ್ಕ. ನಮ್ಮ ಮನೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ. ಅಂಗಳದಾಚೆಯ ನೀರಿನ ತೊಟ್ಟಿಯ ಕಟ್ಟೆ ಹತ್ತಿದರೆ ಅರ್ಧಂಬರ್ಧ ಸಿಗುತ್ತದೆ. ಅವ್ವ ಕಟ್ಟೆ ಹತ್ತಿ ನಿಂತು, ಹೊಳಲ್ಕೆರೆಗೆ ಫೋನಿಲ್ಲದೆಯೇ ಕೇಳಿಸುವ ಹಾಗೆ ಕೂಗಿದಳು: “ಅಕ್ಕಾರೆ, ಹಾಲು ಕಟ್ಟೈತೆ! ಹೂಂ ರೀ, ಜ್ವರಾನೂ ಐತೆ!”

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದಿಳಿದರು. ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ, ಎರಡು ಬಾಟಲಿ. ಕಾಲು ತೊಳೆದವರೇ ಕೋಣೆಗೆ ಬಂದು, ಎದೆಗೆ ಒತ್ತಿಕೊಂಡಿದ್ದ ಮಗುವನ್ನು ಎತ್ತಿಕೊಂಡುಬಿಟ್ಟರು.

“ಇನ್ನೂ ಕುಡಿಸ್ತಾ ಇದೀರೇನ್ರಿ? ಎರಡೂ ಕಡೆ ಬ್ಯಾಡ. ಒಂದೇ ಮೈಯಿನ ಹಾಲಲ್ವೇ ಅದು” ಎಂದರು.

ಬೀಗಿತಿಗೆ ಎದುರು ಮಾತಾಡುವ ಅಭ್ಯಾಸ ಅವ್ವನಿಗಿಲ್ಲ. ಅದೂ ಅಲ್ಲದೆ ಅತ್ತೆ ಪಟ್ಟಣದಲ್ಲಿ ಇರುವವರು, ಯಾರಾದರೂ ಡಾಕ್ಟರನ್ನು ಕೇಳಿಕೊಂಡೇ ಬಂದಿರಬೇಕು ಎಂದು ಅವಳು ಅಂದುಕೊಂಡಳು. ಅತ್ತೆಯೋ, ಅವ್ವ ಕುರಿ ಮೇಕೆಗಳ ನಡುವೆ ಬಾಳಿದ ಹೆಂಗಸು, ಹಾಲು ನೋಡಿಯೇ ಹೇಳಿದ್ದಾಳೆ ಎಂದು ನಂಬಿ ಬಂದಿದ್ದರು. ಬಿ.ಎಡ್. ಮಾಡಿದ ನಾನು ಜ್ವರದಲ್ಲಿ ಇಬ್ಬರನ್ನೂ ನಂಬಿದೆ.

ಅತ್ತೆಯ ಮೇಲೆ ಆಗ ನನಗೆ ಹೊಟ್ಟೆ ಉರಿಯುವಷ್ಟು ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರ ಚೊಚ್ಚಲು ಕೂಸು ಭೇದಿಯಾಗಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಬಾಟಲಿಯನ್ನು ಅವರು ಒಂದಲ್ಲ ಮೂರು ಸಲ ಕುದಿಸುತ್ತಿದ್ದರು. ಅದನ್ನು ನೋಡಿಯೂ ಜಗಳ ತೆಗೆಯಲು ನನ್ನಿಂದ ಆಗಲಿಲ್ಲ.

ಮೊದಲ ಸಲ ಮಗ ಬಾಟಲಿಯನ್ನು ಉಗಿದ. ಎರಡನೆಯ ಸಲ ಅತ್ತ. ಮೂರನೆಯ ಸಲ ಕುಡಿದ. ಅವನು ಅತ್ತಾಗಲೆಲ್ಲ ನನ್ನ ಎರಡೂ ಎದೆಗಳಿಂದ ತಾನಾಗಿ ಹಾಲು ಇಳಿದು ರವಿಕೆ ತೊಯ್ಯುತ್ತಿತ್ತು. ಅವ್ವ ಹಿಂಡಲು ಹೇಳುತ್ತಿದ್ದಳು. ಎಡಗಡೆ ಹಿಂಡಲು ಹೋದರೆ ಕಣ್ಣಿಗೆ ಕತ್ತಲೆ. ಬಲಗಡೆಯಿಂದ ಬಂದ ಒಂದು ಲೋಟ ಹಾಲನ್ನು, ಯಾರೂ ತುಳಿಯಬಾರದೆಂದು, ಕರಿಬೇವಿನ ಗಿಡದ ಬುಡಕ್ಕೆ ಸುರಿದು ಬರುತ್ತಿದ್ದಳು. ಆ ಗಿಡ ನನ್ನ ಮಗನಿಗಿಂತ ಪುಣ್ಯ ಮಾಡಿತ್ತು. ಮಗ ನನ್ನನ್ನು ಮರೆತುಬಿಡುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಬಾಟಲಿ ಖಾಲಿಯಾದ ಮೇಲೆ ಅವನು ನನ್ನ ಕಡೆ ತಿರುಗಿಯೂ ನೋಡದೆ ನಿದ್ದೆ ಹೋದಾಗ ಗೋಡೆಗೆ ಮುಖ ಮಾಡಿ ಮಲಗಿಕೊಂಡು ಅತ್ತುಬಿಟ್ಟೆ.

ಮರುದಿನ ಬೆಳಗ್ಗೆ ಅಪ್ಪ ಕುರಿ ಹೊಡೆದುಕೊಂಡು ಹೋಗಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದ. ಕೊನೆಗೆ ನನ್ನ ಕೋಣೆಯ ಕಿಟಕಿಯ ಹೊರಗೆ ನಿಂತು, ಅಡಿಗೆ ಮನೆಯಲ್ಲಿದ್ದ ಅವ್ವನನ್ನು ಕರೆದ. ದನಿ ಮಾತ್ರ ಊರಿಗೇ ಕೇಳಿಸುವಂತಿತ್ತು.

“ಲೇ, ಒಂದು ಕುರಿಗೆ ಕೆಚ್ಚಲು ಕಟ್ಟೈತೆ. ಮರೀನ ಬಿಡಿಸಿ ಕೂಡಾಕಿದ್ರೆ ಇನ್ನೂ ಕಟ್ಟತೈತೆ. ಮರಿ ಗುದ್ದಿ ಗುದ್ದಿ ಕುಡುದ್ರೇ ಅದು ಸಡ್ಲಾಗೋದು. ಗೊತ್ತಾಯ್ತಾ?”

ಅಪ್ಪ ಯಾವ ಕುರಿಯ ಮಾತಾಡುತ್ತಿದ್ದಾನೆಂದು ಅವ್ವನಿಗೂ ಅತ್ತೆಗೂ ಗೊತ್ತಾಯಿತು. ನನಗಂತೂ ಗೊತ್ತಾಗಿ ಕಂಬಳಿ ಮುಖಕ್ಕೆ ಎಳೆದುಕೊಂಡೆ. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದರು.

“ಕಟ್ಟಿದ್ರೆ ನಾನೂ ಹಂಗೇ ಅಂತಿದ್ದೆ ಬೀಗ್ರೆ. ಇದು ಕೆಟ್ಟಿರೋದು.”

“ಕೆಟ್ಟೈತೆ ಅಂತ ಯಾರಂದ್ರು ಅಕ್ಕಾರೆ?”

“ನಿಮ್ಮನೇರೇ ಅಂದ್ರಲ್ಲ ಫೋನಾಗೆ. ಹಾಲು ಕೆಟ್ಟೈತೆ, ಜ್ವರಾನೂ ಐತೆ ಅಂತ.”

ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಅಯ್ಯೋ ನನ್ನವ್ವ! ಕಟ್ಟೈತೆ ಅಂದೆ ಕಣ್ರಿ ನಾನು!”

ನೀರಿನ ತೊಟ್ಟಿಯ ಕಟ್ಟೆಗೂ ಹೊಳಲ್ಕೆರೆಗೂ ನಡುವೆ ಎಲ್ಲಿಂದಲೋ ಒಂದು ಎತ್ವ ಬಂದು ‘ಕ’ಕಾರಕ್ಕೆ ಅಂಟಿಕೊಂಡಿತ್ತು. ನನಗೆ ನಗು ಬಂತು. ನಕ್ಕರೆ ಎದೆ ಸಿಡಿಯುವಷ್ಟು ನೋವು. ನಗುತ್ತಾ ನೋಯುತ್ತಾ ಅತ್ತೆಯ ಮುಖ ನೋಡಿದೆ. ಅವರು ಬಾಗಿಲ ಚೌಕಟ್ಟು ಹಿಡಿದು, ಮಲಗಿದ್ದ ಮಗನನ್ನೇ ನೋಡುತ್ತಿದ್ದರು.

ಆದರೂ ಜ್ವರ ಜ್ವರವೇ. ಯಾರ ಮಾತೂ ಬೇಡ, ಡಾಕ್ಟರನ್ನೇ ಕೇಳಾಣ ಎಂದು ಅವ್ವ ಆಟೋ ಕರೆಸಿದಳು. ಮಗುವನ್ನು ಅತ್ತೆ ಎತ್ತಿಕೊಂಡರು, ಅಪ್ಪ ಡ್ರೈವರ್ ಪಕ್ಕ ಕೂತ. ಹೊಸದುರ್ಗದ ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿ ಕೇಳಿದ ಮೊದಲ ಪ್ರಶ್ನೆ, “ಮಗು ಕುಡಿದು ಎಷ್ಟು ಹೊತ್ತಾಯ್ತು?” ನಿನ್ನೆ ಮಧ್ಯಾಹ್ನದಿಂದ ಇಲ್ಲ ಎಂದಾಗ ಅವರು ಪೆನ್ನು ಕೆಳಗಿಟ್ಟರು.

“ಬಾವು ಬಂದಿರೋದು ನಿನ್ನ ಎದೆಗೆ, ಹಾಲಿಗಲ್ಲ. ಮಗೂಗೆ ಏನೂ ಆಗಲ್ಲ. ಮಾತ್ರೆ ಕೊಡ್ತೀನಿ, ಪೂರ್ತಿ ಮುಗಿಸಬೇಕು, ಇದು ತಗೊಂಡೂ ಕುಡಿಸಬಹುದು. ಎಡಗಡೆನೇ ಮೊದಲು ಕುಡಿಸು. ಹಿಂಗೇ ಬಿಟ್ಟಿದ್ದಿದ್ರೆ ಕೀವು ತುಂಬಿ ಕುಯ್ಯಬೇಕಾಗ್ತಿತ್ತು” ಎಂದರು. ಕಡಿಮೆಯಾಗದಿದ್ದರೆ ಎರಡು ದಿನದಲ್ಲಿ ಮತ್ತೆ ಬರಬೇಕು ಎಂದೂ ಹೇಳಿದರು. ಅಪ್ಪ ಪರದೆಯ ಆಚೆಗೆ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದ.

ಮನೆಗೆ ಬಂದು ಮಗನನ್ನು ಎಡಗಡೆ ಹಾಕಿಕೊಂಡೆ. ಅವನು ಮುಖ ತಿರುಗಿಸಿದ. ಮತ್ತೆ ಹಾಕಿದೆ, ಬೆನ್ನು ಬಿಲ್ಲು ಮಾಡಿ ಕಿರುಚಿದ. ಬಲಗಡೆಯೂ ಬೇಡ. ಒಂದೇ ದಿನದಲ್ಲಿ ಅವನಿಗೆ ಬಾಟಲಿಯ ರಬ್ಬರು ರುಚಿಯಾಗಿತ್ತು. ನನಗೆ ದುಃಖ ತಡೆಯಲಾಗಲಿಲ್ಲ. “ಹೋಗ್ಲಿ ಬಿಡ್ರಿ, ಆ ಬಾಟ್ಲೀನೇ ಕೊಡ್ರಿ, ನನ್ನ ಹಣೆಬರಹ” ಎಂದು ಅತ್ತೆಯ ಮೇಲೆ ಹರಿಹಾಯ್ದೆ.

ಅತ್ತೆ ಬಾಟಲಿ ತರಲಿಲ್ಲ. ಒಳಗೆ ಹೋಗಿ ಕೂಸಿಗೆ ಹಾಲು ಹಾಕುವ ಮೂತಿಯ ಒಳಲೆ ತಂದರು. ನನ್ನ ಬಲ ಎದೆಯಿಂದ ಒಂದಿಷ್ಟು ಹಾಲು ಅದಕ್ಕೆ ಹಿಂಡಿಸಿಕೊಂಡರು. ಬಿಸಿನೀರಿನ ಬಟ್ಟೆಯನ್ನು ಎಡ ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮಗನನ್ನು ನನ್ನ ತೋಳಿಗೆ ಒರಗಿಸಿ, ಒಳಲೆಯ ಮೂತಿಯಿಂದ ತೊಟ್ಟಿನ ಮೇಲೆ ಒಂದೊಂದೇ ಹನಿ ಬಿಡುತ್ತಾ ಹೋದರು. ಅವನು ನಾಲಿಗೆ ಚಾಚಿದ. ನೆಕ್ಕಿದ. ಅತ್ತ. ಮತ್ತೆ ನೆಕ್ಕಿದ. “ಬಾ ನನ್ನಪ್ಪ, ಬಾ, ತಪ್ಪು ನಂದೇ ಕಣೋ” ಎನ್ನುತ್ತಾ ಅತ್ತೆ ಒಂದು ಗಂಟೆಯಾದರೂ ಕೈ ಇಳಿಸದೆ ಕೂತಿದ್ದರು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಗಬಕ್ಕನೆ ಬಾಯಿ ಹಾಕಿದ. ಕಾಲಿನ ಹೆಬ್ಬೆರಳಿನ ತನಕ ನೋವು ಇಳಿಯಿತು. ಹಲ್ಲು ಕಚ್ಚಿಕೊಂಡು ಅತ್ತೆಯ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಕಲ್ಲು ಒಂದು ಕಡೆಯಿಂದ ಮೆತ್ತಗಾಗುವುದು ನನಗೇ ತಿಳಿಯಿತು.

“ಅಪ್ಪನ ಆ ಕುರಿಗೆ ಏನು ಮಾಡಿದ್ರವ್ವ?” ಎಂದು ಆಗ ಕೇಳಿದೆ. ನಿಜವಾಗಿಯೂ ಒಂದು ಕುರಿ ಇರಬಹುದು ಎಂಬ ಸಣ್ಣ ಅನುಮಾನ ನನಗಿತ್ತು. ಅವ್ವ ಬಾಯಿಗೆ ಸೆರಗು ಮುಚ್ಚಿಕೊಂಡಳು. “ಯಾವ ಕುರೀನೇ? ಮಂದೇಲಿ ಈಗ ಹಾಲು ಕುಡಿಯೋ ಮರಿ ಒಂದೂ ಇಲ್ಲ. ರಾತ್ರಿಯೆಲ್ಲ ನೀನು ಅಳೋದು ಕೇಳಿಸ್ಕಂಡು ಕುಂತಿದ್ದ.”

ಅಷ್ಟರಲ್ಲಿ ಕಿಟಕಿಯ ಹೊರಗೆ ಅಪ್ಪ ಕೆಮ್ಮಿದ.

“ಲೇ, ಆ ಕುರಿ ಹೆಂಗೈತೆ?”

ಅವ್ವ ಉತ್ತರ ಕೊಡುವ ಮೊದಲೇ ನಾನು ಒಳಗಿನಿಂದ ಹೇಳಿದೆ, “ಮರಿ ಕುಡೀತೈತಪ್ಪ.”

ಹೊರಗೆ ಮೂಗು ಸೀದಿಕೊಂಡಿದ್ದು ಕೇಳಿಸಿತು.

“ಹೂಂ. ಎಡಗಡೇನೇ ಮೊದ್ಲು ಬಿಡ್ಬೇಕಂತೆ ಅಂತ ಹೇಳು ಆ ಕುರಿಗೆ” ಎಂದು, ಅಪ್ಪ ರೊಪ್ಪದ ಕಡೆ ಹೋದ.