ಎಮ್ಮೆಯ ಕೊಂಬಿಗೆ ಸಭೆಯ ಮೊಹರು

ಬಾವಿ ತೋಡುವಾಗ ಕಲ್ಲುರುಳಿ ಎಡಗಾಲು ಜಜ್ಜಿಹೋದ ಮೇಲೆ ಗ್ಯಾನಪ್ಪ ನಿಂತು ದುಡಿಯುವವನಾಗಿ ಉಳಿಯಲಿಲ್ಲ. ಯಲಬುರ್ಗಾದಲ್ಲಿ ಕೂತು ಮಾಡುವ ಕೂಲಿ ಅವನಿಗೆ ಸಿಕ್ಕಿದ್ದು ಒಂದೇ ಕಡೆ, ವಿರೂಪಾಕ್ಷಪ್ಪನವರ ಪಡಸಾಲೆಯಲ್ಲಿ. ಜರ್ಮನಿಯ ಯುದ್ಧ ನಡೆದಿದ್ದ ಕಾಲ. ವಿರೂಪಾಕ್ಷಪ್ಪನವರು ಹೈದರಾಬಾದಿನ ಶಾಸನ ಸಭೆಗೆ ಸರಕಾರ ನೇಮಿಸಿದ ಸದಸ್ಯರು. ಅವರಿಗೆ ಬಂದ ಕಾಗದಕ್ಕೆಲ್ಲ ಉತ್ತರ ಹೋಗುತ್ತಿತ್ತು. ಉತ್ತರದ ಲಕೋಟೆಗೆ ಮೊಹರು ಒತ್ತುವುದು ಗ್ಯಾನಪ್ಪನ ಕೆಲಸ. ಕಾಲು ಚಾಚಿ ಕೂತು, ಕೆಂಪು ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದು, ಕರಗಿದ್ದನ್ನು ಲಕೋಟೆಯ ಮೇಲೆ ತೊಟ್ಟಿಕ್ಕಿಸಿ, ಹಿತ್ತಾಳೆಯ ಮೊಹರನ್ನು ನೀರಿಗದ್ದಿ ಒತ್ತುವನು. ಒದ್ದೆ ಮಾಡದಿದ್ದರೆ ಅರಗು ಮೊಹರಿನ ಜೊತೆಗೇ ಎದ್ದು ಬರುತ್ತದೆ.

ಉತ್ತರ ಯಾವಾಗಲೂ ಒಂದೇ. ‘ತಮ್ಮ ಪತ್ರ ತಲುಪಿತು. ವಿಷಯವು ಸರಕಾರದ ಪರಿಶೀಲನೆಯಲ್ಲಿದೆ.’

ಇರಕಲ್ಲಗಡದ ದುರಗಮ್ಮ ಇಂಥದೊಂದು ಲಕೋಟೆಯನ್ನು ಒಡೆಯದೆ, ಬಟ್ಟೆಯಲ್ಲಿ ಸುತ್ತಿ, ತೊರೆ ಬಿಡದೆ ಹಾಲು ಬಿಗಿಹಿಡಿದಿದ್ದ ಎಮ್ಮೆಯ ಕೊಂಬಿಗೆ ತಾಯಿತದ ಹಾಗೆ ಕಟ್ಟಿದಳು. ಅವತ್ತು ಸಂಜೆಯೇ ಎಮ್ಮೆ ಹಾಲು ಕೊಟ್ಟಿತು. ಸುದ್ದಿ ಹಬ್ಬಿ, ಅಲ್ಲಿಂದ ಮುಂದೆ ವಿರೂಪಾಕ್ಷಪ್ಪನವರಿಗೆ ಕಾಗದದ ಮಳೆ. ಎಲ್ಲರದೂ ಒಂದೇ ಬೇಡಿಕೆ: ಕೊಪ್ಪಳಕ್ಕೆ ರಸ್ತೆ ಬೇಕು.

“ನೋಡೋ ಗ್ಯಾನಪ್ಪ,” ಎಂದು ವಿರೂಪಾಕ್ಷಪ್ಪನವರು ಮೀಸೆ ನೀವಿಕೊಂಡರು, “ಜನಕ್ಕ ರಾಜಕೀಯ ತಿಳದೈತಿ.”

“ಹೌದ್ರಿ ಧಣೇರ,” ಎಂದ ಗ್ಯಾನಪ್ಪ. ಎಮ್ಮೆಗಳ ಸಂಗತಿ ಅವನಿಗೆ ಗೊತ್ತಿತ್ತು. ಹೇಳಿದರೆ ಧಣಿ ಉತ್ತರ ಬರೆಯುವುದನ್ನೇ ಬಿಡುತ್ತಾರೆ, ತನ್ನ ಕೂತು ಮಾಡುವ ಕೆಲಸ ಹೋಗುತ್ತದೆ ಎಂದು ಬಾಯಿ ಬಿಡಲಿಲ್ಲ.

ಸದಸ್ಯತ್ವದ ಅವಧಿ ಮುಗಿಯಿತು. ಮತ್ತೆ ನೇಮಿಸಬೇಕೋ ಬೇಡವೋ ನೋಡಲು ರಾಯಚೂರಿನಿಂದ ಒಬ್ಬ ದೊಡ್ಡ ಸಾಹೇಬರು ಕುದುರೆಯ ಮೇಲೆ ಬಂದರು. ಉತ್ತರ ಪಡೆದವರೆಲ್ಲ ಉತ್ತರದ ಸಮೇತ ಹಾಜರಾಗಬೇಕೆಂದು ಡಂಗುರ ಹೊಡೆಸಿದರು. ಧಣಿಯ ಸ್ಥಾನ ಹೋದರೆ ಮೊಹರೂ ಹೋಯಿತು. ಆ ರಾತ್ರಿ ಗ್ಯಾನಪ್ಪ ಕೂತು ಮೊಹರನ್ನು ತಿಕ್ಕಿ ತಿಕ್ಕಿ ಹೊಳೆಯಿಸಿದ.

ಬೆಳಗಾದರೆ ಅಂಗಳದ ತುಂಬ ಎಮ್ಮೆ. ಒಂದೊಂದರ ಕೊಂಬಿನಲ್ಲೂ ಒಂದೊಂದು ಗಂಟು.

“ಏನಿದು?” ಎಂದರು ಸಾಹೇಬರು.

“ಉತ್ತರ ತರ್ರಿ ಅಂದ್ರಲ್ರಿ, ತಂದೀವಿ,” ಎಂದಳು ದುರಗಮ್ಮ. “ಬಿಚ್ಚಬಾರದ್ರಿ. ಅದಕ್ಕ ಎಮ್ಮೀನೂ ಹೊಡಕೊಂಡ ಬಂದೀವಿ.”

ವಿರೂಪಾಕ್ಷಪ್ಪನವರು ಕಂಬ ಹಿಡಿದುಕೊಂಡರು. “ಓದೇ ಇಲ್ಲೇನ ನೀವು?”

“ಒಡದ್ರ ಶಕ್ತಿ ಹೋಗೂದಿಲ್ಲೇನ್ರಿ ಯಪ್ಪಾ?”

“ರಸ್ತಾ ಬೇಕಂತ ಬರಸೀಯಲ್ಲ, ಅದು?” ಎಂದು ಪಡಸಾಲೆಯ ಅರ್ಜಿಗಳ ಕಟ್ಟು ತೋರಿಸಿ ಕೇಳಿದರು ಸಾಹೇಬರು.

“ಎಮ್ಮೀ ಹಾಲು ಅಂತ ಬರಸಿದ್ರ ದೊಡ್ಡವ್ರು ಉತ್ರಾ ಕೊಡ್ತಾರೇನ್ರಿ? ಏನರ ಬರಸಬೇಕಲ್ಲ.”

“ನಾಳೆ ಖರೇನ ರಸ್ತಾ ಮಾಡಿಸಿದ್ರ?”

ದುರಗಮ್ಮ ಗಾಬರಿಯಾದಳು. “ಬ್ಯಾಡ್ರಿ ಸಾಹೇಬ್ರ! ಆಮ್ಯಾಲೆ ಯಾತರ ಸಲುವಾಗಿ ಬರಸೂಣು?”

ಒಂದನ್ನು ಒಡೆಯಿರಿ ಎಂದು ಸಾಹೇಬರ ಹುಕುಂ ಆಯಿತು. ಹೆಂಗಸರು ಗೊಳೋ ಎಂದರು. ಗ್ಯಾನಪ್ಪ ಕೂತಲ್ಲಿಂದಲೇ, “ಒಡೀದಂಗ ತಗೀತೀನ್ರಿ,” ಎಂದ. ತೆಳುವಾದ ಚಾಕು ಕಾಸಿ, ಅರಗಿನ ಅಡಿಗೆ ಮೆಲ್ಲಗೆ ತೂರಿಸಿ, ಮೊಹರನ್ನು ಇಡಿಯಾಗಿ ಎಬ್ಬಿಸಿದ. ಮೊಹರು ಬಿರಿಯಲಿಲ್ಲ. ಸಾಹೇಬರು ಆ ಎರಡು ಸಾಲು ಓದಿದರು. ಇನ್ನೊಂದು ತೆಗೆಸಿದರು. ಅದೇ ಎರಡು ಸಾಲು. ಮೂರನೆಯದರಲ್ಲಿ ಅವರ ಮುಖ ಅರಳಿತು.

“ವಿರೂಪಾಕ್ಷಪ್ಪನವರ, ಇಷ್ಟು ಕಾಗದ ಬರದೀರಿ. ಒಂದರಾಗೂ ಏನೂ ಕೊಡ್ತೀನಿ ಅಂದಿಲ್ಲ, ಸರಕಾರದ ಮ್ಯಾಲೆ ಒಂದು ದೂರಿಲ್ಲ. ಜನ ಕೊಂಬಿಗೆ ಕಟಗೊಂಡು ಖುಷಿಯಾಗ್ಯಾರ. ನಿಮ್ಮಂಥವ್ರು ಸಭಾದಾಗ ಇರಬೇಕ್ರಿ!”

ಧಣಿ ಕಂಬ ಬಿಟ್ಟು ಕೈ ಮುಗಿದರು.

ಅಷ್ಟರಲ್ಲಿ ಕುದುರೆ ನೋಡಿಕೊಳ್ಳುವ ಉಮರಸಾಬ ಸಾಹೇಬರ ಕಿವಿಯಲ್ಲಿ ಏನೋ ಉಸುರಿದ. ಅವರು ಅತ್ತಿತ್ತ ನೋಡಿ, ಗ್ಯಾನಪ್ಪನ ಹತ್ತಿರ ಬಗ್ಗಿದರು. “ನಿನ್ನಿಯಿಂದ ಕುದುರಿ ಮೇವು ಮುಟ್ಟಿಲ್ಲ. ಒಂದು ಲಕೋಟಿ ಮಾಡಿಕೊಡಪಾ.”

ಹೂಂ ಅಂದುಬಿಡಬಹುದಿತ್ತು. ಆದರೆ ಗ್ಯಾನಪ್ಪ ಆ ಪಡಸಾಲೆಯಲ್ಲಿ ಖಾಲಿ ಲಕೋಟೆಗೆ ಅರಗು ಹಾಕಿದವನಲ್ಲ. “ಕಾಗದ ಬರಲಾರದ ಉತ್ರಾ ಹೋಗಾಂಗಿಲ್ರಿ ಸಾಹೇಬ್ರ. ಧಣೇರಿಗೆ ಒಂದು ಅರ್ಜಿ ಬರೀಬೇಕಾಗತೈತಿ.”

“ಏನಂತ ಬರೀಲಿ?”

“ರಸ್ತಾ ಬೇಕಂತ ಬರೀರಿ,” ಎಂದಳು ದುರಗಮ್ಮ, “ಎಲ್ಲಾರೂ ಅದನ್ನ ಬರಸ್ತೀವಿ.”

ದೊಡ್ಡ ಸಾಹೇಬರು ಪಡಸಾಲೆಯ ಮೆಟ್ಟಿಲ ಮೇಲೆ ಕೂತು, ಕೊಪ್ಪಳಕ್ಕೆ ರಸ್ತೆ ದಯಪಾಲಿಸಬೇಕೆಂದು ಯಲಬುರ್ಗಾದ ಸದಸ್ಯರಿಗೆ ವಿನಂತಿ ಬರೆದು ಸಹಿ ಮಾಡಿದರು. ವಿರೂಪಾಕ್ಷಪ್ಪನವರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿ, ಸ್ವಲ್ಪ ಯೋಚಿಸಿ, ವಿಷಯವು ಸರಕಾರದ ಪರಿಶೀಲನೆಯಲ್ಲಿದೆ ಎಂದು ಉತ್ತರಿಸಿದರು. ಗ್ಯಾನಪ್ಪ ಮೊಹರು ಒತ್ತಿದ. ಉಮರಸಾಬ ಲಕೋಟೆಯನ್ನು ಕುದುರೆಯ ಕೊರಳಿಗೆ ಕಟ್ಟಿದ.

ನೇಮಕದ ಆದೇಶ ಮುಂದಿನ ತಿಂಗಳು ಬಂತು. ಅದೇ ವಾರ ರಾಯಚೂರಿನ ಕಚೇರಿಯಿಂದ ರಸ್ತೆ ಕೇಳಿ ಇನ್ನೂ ಏಳೆಂಟು ಅರ್ಜಿ ಬಂದವು, ಎಲ್ಲ ಸರಕಾರಿ ಕಾಗದದ ಮೇಲೆ. ಗ್ಯಾನಪ್ಪ ಎಡಗಾಲಿನ ಕೆಳಗೆ ಒಂದು ದಿಂಬು ಇಟ್ಟುಕೊಂಡು ದೀಪ ಹಚ್ಚಿದ.